ಟ್ಯಾಲಿ ಆಗದ ಹನ್ನೆರಡು ಸ್ವರಗಳು: ಬಾಖ್ ಕಾಲದ ಶ್ರುತಿ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಈ ಸಲದ ಎಪಿಸೋಡ್ ಶುರುವಾಗೋದು ಒಂದು ತಪ್ಪೊಪ್ಪಿಗೆಯಿಂದ.

ಕೆಲವು ತಿಂಗಳ ಹಿಂದೆ ಪಿಯಾನೊ ಬಗ್ಗೆ ಮಾತಾಡುವಾಗ ನಾನೊಂದು ವಾಕ್ಯ ಹೇಳಿದ್ದೆ. ಇವತ್ತು ನಮ್ಮ ಕೀಬೋರ್ಡುಗಳಲ್ಲಿರೋ ಹನ್ನೆರಡು ಸಮಾನ ಸ್ವರಗಳ ಪದ್ಧತಿಯನ್ನ ಜಗತ್ತಿಗೆ ಸಾಬೀತು ಮಾಡಿ ತೋರಿಸಿದವನು ಬಾಖ್ ಅಂತ. ತುಂಬಾ ಧೈರ್ಯವಾಗಿ ಹೇಳಿದ್ದೆ. ಎರಡೇ ದಿನಕ್ಕೆ, ಪಿಯಾನೊ ಶ್ರುತಿ ಮಾಡುವ ಕೆಲಸದಲ್ಲಿರುವ ಹಿರಿಯರೊಬ್ಬರು ವಾಯ್ಸ್ ನೋಟ್ ಕಳಿಸಿದರು. "ತಮ್ಮಾ, ಬಾಖ್ ಪುಸ್ತಕದ ಹೆಸರನ್ನ ಇನ್ನೊಂದು ಸಲ ಓದು. ಅದರಲ್ಲಿ ಸಮ ಅನ್ನೋ ಮಾತು ಎಲ್ಲಿದೆ?" ಅಷ್ಟೇ. ಬೈಗುಳ ಇಲ್ಲ, ಪಾಠ ಇಲ್ಲ.

ನಾನು ಹೋಗಿ ಓದಿದೆ. ಪುಸ್ತಕದ ಹೆಸರು 'ದಾಸ್ ವೋಲ್‌ಟೆಂಪರೀರ್ಟೆ ಕ್ಲಾವಿಯರ್'. ಕನ್ನಡದಲ್ಲಿ ಹೇಳೋದಾದ್ರೆ, ಚೆನ್ನಾಗಿ ಶ್ರುತಿ ಹೊಂದಿಸಿದ ಕೀಬೋರ್ಡ್. ಚೆನ್ನಾಗಿ. ಸಮವಾಗಿ ಅಲ್ಲ. ಈ ಒಂದು ಪದದ ವ್ಯತ್ಯಾಸದಲ್ಲಿ ಸುಮಾರು ಇನ್ನೂರು ವರ್ಷದ ಇತಿಹಾಸ ಅಡಗಿದೆ ಅಂತ ಆಮೇಲೆ ಗೊತ್ತಾಯ್ತು. ಇವತ್ತು ಆ ಕಥೆ.

ಲೆಕ್ಕ ಎಲ್ಲಿ ತಪ್ಪುತ್ತೆ?

ತಂಬೂರಿಯಿಂದ ಶುರು ಮಾಡೋಣ. ಷಡ್ಜ ಸೆಕೆಂಡಿಗೆ 200 ಸಲ ಕಂಪಿಸುತ್ತೆ ಅಂದ್ಕೊಳ್ಳಿ. ಅದಕ್ಕೆ ಸರಿಯಾದ ಪಂಚಮ 300. ಅಂದ್ರೆ ಒಂದೂವರೆ ಪಟ್ಟು. ಮೇಲಿನ ಷಡ್ಜ 400, ಅಂದ್ರೆ ಎರಡು ಪಟ್ಟು. ಇವೆರಡೂ ಕಿವಿಗೆ ಪೂರ್ತಿ ನೆಮ್ಮದಿ ಕೊಡೋ ಸಂಬಂಧಗಳು. ಒಂದು ಚೂರು ಆಚೀಚೆ ಆದ್ರೂ 'ವಂವ್ ವಂವ್' ಅಂತ ಅಲೆ ಏಳುತ್ತೆ.

ಈಗ ಒಂದು ಕೀಬೋರ್ಡನ್ನ ಶ್ರುತಿ ಮಾಡಬೇಕು. ಸುಲಭ ದಾರಿ ಏನು? ಷಡ್ಜದಿಂದ ಪಂಚಮ ಹಿಡಿ. ಆ ಪಂಚಮವನ್ನೇ ಷಡ್ಜ ಮಾಡ್ಕೊಂಡು ಅದರ ಪಂಚಮ ಹಿಡಿ. ಹೀಗೆ ಹನ್ನೆರಡು ಸಲ ಹೋದ್ರೆ ಹನ್ನೆರಡೂ ಸ್ವರ ಸಿಕ್ಕಿ, ಏಳು ಸ್ಥಾಯಿ ಮೇಲೆ ಮತ್ತೆ ಅದೇ ಷಡ್ಜಕ್ಕೆ ಬರಬೇಕು.

ಬರಲ್ಲ. ಫೋನಿನ ಕ್ಯಾಲ್ಕುಲೇಟರ್ ತೆಗೀರಿ. 1.5 ಅನ್ನು ಹನ್ನೆರಡು ಸಲ ಗುಣಿಸಿ: 129.746. ಎರಡನ್ನು ಏಳು ಸಲ ಗುಣಿಸಿ: 128. ಎರಡೂ ಒಂದೇ ಆಗಬೇಕಿತ್ತು, ಆಗಿಲ್ಲ. ನಾನು ಬಿಕಾಂ ಓದಿದವನು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದೇ ಇದ್ರೆ ಎಲ್ಲೋ ಕೂಡಿಸೋದು ತಪ್ಪಿದೆ ಅಂತ ಹುಡುಕೋದು ನಮ್ಮ ಅಭ್ಯಾಸ. ಇಲ್ಲಿ ಎಷ್ಟು ಹುಡುಕಿದ್ರೂ ತಪ್ಪು ಸಿಗಲ್ಲ. ಮೂರರ ಘಾತಗಳು ಎರಡರ ಘಾತಗಳಿಗೆ ಎಂದೂ ಸರಿಸಮ ಆಗಲ್ಲ. ಲೆಕ್ಕ ಸರಿಯಾಗಿದ್ದೂ ಟ್ಯಾಲಿ ಆಗಲ್ಲ. ಈ ಉಳಿಕೆಗೆ ಪೈಥಾಗೊರಸ್ ಹೆಸರಿಟ್ಟು 'ಕಾಮಾ' ಅಂತಾರೆ.

ಎಷ್ಟು ದೊಡ್ಡದು ಈ ಉಳಿಕೆ? 19ನೇ ಶತಮಾನದಲ್ಲಿ ಅಲೆಕ್ಸಾಂಡರ್ ಎಲ್ಲಿಸ್ ಎಂಬ ಇಂಗ್ಲಿಷ್ ವಿದ್ವಾಂಸ 'ಸೆಂಟ್' ಅನ್ನೋ ಅಳತೆ ತಂದ. ಒಂದು ಸ್ಥಾಯಿಗೆ 1200 ಸೆಂಟ್. ಪಿಯಾನೊದಲ್ಲಿ ಒಂದು ಕೀಲಿಯಿಂದ ಪಕ್ಕದ ಕೀಲಿಗೆ 100. ಈ ಲೆಕ್ಕದಲ್ಲಿ ಕಾಮಾ ಸುಮಾರು 23.5 ಸೆಂಟ್. ಹತ್ತಿರ ಹತ್ತಿರ ಕಾಲು ಮನೆ. ಯಾವ ಕಿವಿಗೂ ಕೇಳಿಸುವಷ್ಟು.

ಇನ್ನೊಂದು ತಲೆನೋವು ಗಾಂಧಾರದ್ದು. ಚೆನ್ನಾಗಿ ಶ್ರುತಿ ಕೂಡಿದ ತಂಬೂರಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರ ತಾನಾಗಿಯೇ ಕೇಳಿಸುತ್ತೆ, ಗಮನಿಸಿದ್ದೀರಾ? ಅದು ಷಡ್ಜದ ಐದು ಪಟ್ಟು. ಆದ್ರೆ ಪಂಚಮಗಳ ದಾರಿಯಲ್ಲಿ ಸ, ಪ, ರಿ, ದ, ಗ ಅಂತ ನಾಲ್ಕು ಹೆಜ್ಜೆ ಹೋದ್ರೆ ಸಿಗೋದು 5.0625 ಪಟ್ಟು. ಸುಮಾರು 21.5 ಸೆಂಟ್ ಹೆಚ್ಚು. ಪಂಚಮಗಳು ಶುದ್ಧವಾಗಿದ್ರೆ ಗಾಂಧಾರ ಕೆಡುತ್ತೆ. ಗಾಂಧಾರ ಶುದ್ಧ ಬೇಕಂದ್ರೆ ಪಂಚಮಗಳನ್ನ ಕುಗ್ಗಿಸಬೇಕು.

ಹಾಡೋರಿಗೆ, ಪಿಟೀಲಿನವರಿಗೆ ಈ ಗೋಳಿಲ್ಲ. ಅವರು ಆ ಕ್ಷಣಕ್ಕೆ ಬೇಕಾದ ಹಾಗೆ ಸ್ವರ ಸರಿಸ್ತಾರೆ. ನಮ್ಮ ಕಛೇರಿಯಲ್ಲಿ ಷಡ್ಜ ಮೂರು ಗಂಟೆ ಅಲ್ಲಾಡಲ್ಲ, ಹಾಗಾಗಿ ತಂಬೂರಿಗೂ ಚಿಂತೆ ಇಲ್ಲ. ಆದ್ರೆ ಯುರೋಪಿನ ಆರ್ಗನ್, ಹಾರ್ಪ್ಸಿಕಾರ್ಡ್ ಕಥೆ ಬೇರೆ. ಸ್ಥಾಯಿಗೆ ಹನ್ನೆರಡೇ ಕೀಲಿ. ಒಟ್ಟಿಗೆ ಮೂರು ನಾಲ್ಕು ಸ್ವರ ನುಡಿಸ್ತಾರೆ, ಅದರಲ್ಲಿ ಗಾಂಧಾರ ಇರಲೇಬೇಕು. ಸಾಲದ್ದಕ್ಕೆ ಕೃತಿಯ ನಡುವೆಯೇ ಷಡ್ಜವನ್ನ ಬದಲಾಯಿಸ್ತಾರೆ. ಟ್ಯಾಲಿ ಆಗದ 23.5 ಸೆಂಟನ್ನ ಎಲ್ಲಾದರೂ ಹಾಕಲೇಬೇಕು.

ತೋಳವನ್ನು ಕಟ್ಟಿಹಾಕಿದ ಕಾಲ

ವ್ಯತ್ಯಾಸ ಸಿಗದೇ ಹೋದಾಗ ಅಕೌಂಟ್ಸ್‌ನಲ್ಲಿ ಏನ್ ಮಾಡ್ತಾರೆ? ಸಸ್ಪೆನ್ಸ್ ಅಕೌಂಟ್ ಅಂತ ಒಂದು ತೆರೆದು, ಅಷ್ಟನ್ನೂ ಅದಕ್ಕೆ ತಳ್ಳಿಬಿಡ್ತಾರೆ. 16ನೇ ಶತಮಾನದ ಯುರೋಪ್ ಮಾಡಿದ್ದು ಅದನ್ನೇ.

ಇಟಲಿಯ ಪಿಯೆತ್ರೊ ಆರೊನ್ 1523ರಲ್ಲಿ ಒಂದು ವಿಧಾನ ವಿವರಿಸಿದ. ಅದನ್ನು ಈಗ ಮೀನ್‌ಟೋನ್ ಅಂತಾರೆ. ಹನ್ನೊಂದು ಪಂಚಮಗಳನ್ನ ಒಂದೊಂದಾಗಿ ಐದೂವರೆ ಸೆಂಟಿನಷ್ಟು ಕುಗ್ಗಿಸಿ. ಆಗ ಹನ್ನೆರಡು ಗಾಂಧಾರಗಳಲ್ಲಿ ಎಂಟು ಪೂರ್ತಿ ಶುದ್ಧ ಆಗುತ್ತವೆ. ಸಿ ಮೇಜರ್ ನುಡಿಸಿದ್ರೆ ತಿಳಿನೀರಿನ ಹಾಗೆ ಇರುತ್ತೆ. ಬಾಕಿ ಎಲ್ಲ ಹೊರೆ ಕೊನೆಯ ಒಂದು ಪಂಚಮದ ಮೇಲೆ ಬೀಳುತ್ತೆ. ಸಾಮಾನ್ಯವಾಗಿ ಜಿ ಶಾರ್ಪ್ ಮತ್ತು ಇ ಫ್ಲ್ಯಾಟ್ ನಡುವಿನದು. ಅದು ಸುಮಾರು 36 ಸೆಂಟ್ ಉಬ್ಬಿ ಊಳಿಡುತ್ತೆ. ಅದಕ್ಕೆ ಅವರಿಟ್ಟ ಹೆಸರು ತೋಳ.

ಇದರಿಂದ ಸಂಗೀತ ಬರೆಯೋರಿಗೆ ಏನಾಯ್ತು? ಪ್ರತಿ ಕಪ್ಪು ಕೀಲಿಗೆ ಒಂದೇ ಕೆಲಸ. ಜಿ ಶಾರ್ಪ್ ಆಗಿ ಶ್ರುತಿ ಮಾಡಿದ ಕೀಲಿಯನ್ನ ಎ ಫ್ಲ್ಯಾಟ್ ಅಂತ ಬಳಸೋ ಹಾಗಿಲ್ಲ. ಬಳಸಿದ್ರೆ ಕಿವಿ ಮುಚ್ಕೋಬೇಕು. ಹಾಗಾಗಿ ಆ ಕಾಲದ ಕೀಬೋರ್ಡ್ ಕೃತಿಗಳು ಬಹುಪಾಲು ಒಂದೆರಡು ಶಾರ್ಪ್, ಒಂದೆರಡು ಫ್ಲ್ಯಾಟ್ ಇರುವ ಸ್ಕೇಲುಗಳ ಒಳಗೇ ಓಡಾಡುತ್ತವೆ. ಕಲ್ಪನೆ ಕಡಿಮೆ ಇತ್ತು ಅಂತಲ್ಲ, ಆ ಬೀದಿಯಲ್ಲಿ ತೋಳ ಇತ್ತು.

ಆದ್ರೆ ಅವರು ಈ ಕೊರತೆಯನ್ನೇ ರುಚಿ ಮಾಡ್ಕೊಂಡ್ರು. ಆಮ್‌ಸ್ಟರ್‌ಡಾಮಿನ ಆರ್ಗನ್ ವಾದಕ ಸ್ವೀಲಿಂಕ್‌ನ ಕ್ರೊಮ್ಯಾಟಿಕ್ ಫ್ಯಾಂಟಸಿ ಒಂದು ಇದೆ. ಅದರ ಮುಖ್ಯ ಎಳೆ ಡಿ ಯಿಂದ ಎ ವರೆಗೆ ಒಂದೊಂದೇ ಕೀಲಿ ಇಳಿದು ಬರುತ್ತೆ. ಇವತ್ತಿನ ಕೀಬೋರ್ಡಲ್ಲಿ ಎಲ್ಲ ಮೆಟ್ಟಿಲೂ 100 ಸೆಂಟ್. ಮಾಲ್‌ನ ಎಸ್ಕಲೇಟರ್ ಇಳಿದ ಹಾಗೆ. ಮೀನ್‌ಟೋನಿನಲ್ಲಿ ಮೊದಲ ಮೆಟ್ಟಿಲು 117 ಸೆಂಟ್, ಮುಂದಿನದು 76, ಮತ್ತೆ 117, ಮತ್ತೆ 76. ಹಳೇ ಕೋಟೆಯ ಕಲ್ಲು ಮೆಟ್ಟಿಲು ಇಳಿದಂತೆ, ಪ್ರತಿ ಹೆಜ್ಜೆಗೂ ಕಾಲು ಎಚ್ಚರವಾಗಿರಬೇಕು. ನೋವಿನ ಭಾವ ಅಲ್ಲಿಂದ ಬರುತ್ತೆ. ಅದನ್ನ ಸಮ ಸ್ವರಗಳಲ್ಲಿ ನುಡಿಸಿದ್ರೆ ಅಕ್ಷರ ಎಲ್ಲ ಇರುತ್ತೆ, ಉಚ್ಚಾರ ಹೋಗಿರುತ್ತೆ.

ತೋಳವನ್ನ ಓಡಿಸೋಕೆ ಪ್ರಯತ್ನ ನಡೀಲಿಲ್ವಾ? ನಡೀತು. ಕಪ್ಪು ಕೀಲಿಯನ್ನ ಎರಡು ಹೋಳು ಮಾಡಿ, ಮುಂದಿನ ಅರ್ಧ ಒಂದು ಸ್ವರ, ಹಿಂದಿನ ಅರ್ಧ ಇನ್ನೊಂದು ಸ್ವರ ಅಂತ ಮಾಡಿದ್ರು. ವೆನಿಸ್‌ನ ವೀಟೊ ತ್ರಾಸುಂತಿನೊ 1606ರಲ್ಲಿ ಸ್ಥಾಯಿಗೆ 31 ಕೀಲಿಗಳ ವಾದ್ಯವನ್ನೇ ಕಟ್ಟಿದ. ಬೊಲೊನ್ಯಾದ ಸಂಗ್ರಹಾಲಯದಲ್ಲಿ ಅದು ಈಗಲೂ ಇದೆ. ಆದ್ರೆ ಅಷ್ಟು ತಂತಿ ಶ್ರುತಿ ಮಾಡೋರು ಯಾರು, ಅಷ್ಟು ಕೀಲಿಯಲ್ಲಿ ಬೆರಳು ಓಡಿಸೋರು ಯಾರು? ಅದು ಎಲ್ಲರ ವಾದ್ಯ ಆಗಲಿಲ್ಲ.

ಅಷ್ಟರಲ್ಲಿ ಸಂಗೀತ ಬರೆಯೋರು ಬೇಲಿ ಹಾರೋಕೆ ಶುರು ಮಾಡಿದ್ರು. ಇಂಗ್ಲೆಂಡಿನ ಜಾನ್ ಬುಲ್, ಆರು ಸ್ವರಗಳ ಒಂದು ಸರಣಿಯನ್ನ ಹನ್ನೆರಡೂ ಕೀಲಿಗಳಿಂದ ಶುರು ಮಾಡಿ ಫ್ಯಾಂಟಸಿ ಬರೆದ. ಮೀನ್‌ಟೋನಿನಲ್ಲಿ ಅದನ್ನ ಪೂರ್ತಿ ನುಡಿಸಿದ್ರೆ ತೋಳದ ಬಾಯಿಗೆ ತಲೆ ಕೊಟ್ಟಂತೆಯೇ. 1657ರಲ್ಲಿ ಚಕ್ರವರ್ತಿ ಮೂರನೇ ಫರ್ಡಿನಾಂಡ್ ತೀರಿಕೊಂಡಾಗ, ಆಸ್ಥಾನದ ಆರ್ಗನ್ ವಾದಕನಾಗಿದ್ದ ಫ್ರೋಬರ್ಗರ್ ಶೋಕಗೀತೆ ಬರೆದದ್ದು ಎಫ್ ಮೈನರ್‌ನಲ್ಲಿ. ಅದಕ್ಕೆ ಎ ಫ್ಲ್ಯಾಟ್ ಬೇಕೇ ಬೇಕು. ಹಾರ್ಪ್ಸಿಕಾರ್ಡ್ ಆದ್ರೆ ಒಂದೆರಡು ತಂತಿ ಸಡಿಲಿಸಿ ಬಿಗಿದು ಸರಿ ಮಾಡ್ಕೋಬಹುದು. ಆರ್ಗನ್ ಕೊಳವೆಗಳನ್ನ ಒಂದು ಹಾಡಿಗೋಸ್ಕರ ಬದಲಾಯಿಸೋಕಾಗುತ್ತಾ?

ಅಂದ್ರೆ ಬರೆಯೋರ ಆಸೆ ಶ್ರುತಿಗಿಂತ ಮುಂದೆ ಓಡ್ತಿತ್ತು. ಶ್ರುತಿ ಬದಲಾಗಲೇಬೇಕಿತ್ತು.

ಹೊರೆ ಹಂಚಿದ ಜರ್ಮನಿ

ಜರ್ಮನಿಯಲ್ಲಿ ಆಂದ್ರೇಯಾಸ್ ವೆರ್ಕ್‌ಮೈಸ್ಟರ್ ಅಂತ ಒಬ್ಬ ಆರ್ಗನ್ ವಾದಕ, ಆರ್ಗನ್ ಪರೀಕ್ಷಕ. 1691ರ ಪುಸ್ತಕದಲ್ಲಿ ಅವನು ಕೊಟ್ಟ ಒಂದು ಪರಿಹಾರ ತುಂಬಾ ಪ್ರಸಿದ್ಧಿ. ಹನ್ನೆರಡು ಪಂಚಮಗಳಲ್ಲಿ ನಾಲ್ಕನ್ನು ಮಾತ್ರ ಕಾಲು ಕಾಮಾದಷ್ಟು ಕುಗ್ಗಿಸು. ಉಳಿದ ಎಂಟು ಶುದ್ಧವಾಗಿರಲಿ. ನಾಲ್ಕು ಕಾಲು ಸೇರಿ ಒಂದು. ಲೆಕ್ಕ ಮುಗೀತು. ತೋಳ ಮಾಯ.

ಆದ್ರೆ ಹೊರೆ ಎಲ್ಲರಿಗೂ ಸಮವಾಗಿ ಹಂಚಿಲ್ಲ, ಗಮನಿಸಿ. ಕುಗ್ಗಿಸಿದ ನಾಲ್ಕರಲ್ಲಿ ಮೂರು, ಎಲ್ಲರೂ ಹೆಚ್ಚು ಬಳಸೋ ಸಿ, ಜಿ, ಡಿ, ಎ ನಡುವೆ ಇವೆ. ಪರಿಣಾಮ ಏನು? ಸಿ ಮೇಜರ್‌ನ ಗಾಂಧಾರ ಬರೀ 4 ಸೆಂಟ್ ಹೆಚ್ಚು, ಬಹುತೇಕ ಶುದ್ಧ. ಸಿ ಶಾರ್ಪ್ ಮೇಜರ್‌ನ ಗಾಂಧಾರ 21.5 ಸೆಂಟ್ ಹೆಚ್ಚು, ಬಿಗಿ, ಚುರುಕು, ಸ್ವಲ್ಪ ಖಾರ. ಮಿಕ್ಕವು ಇವೆರಡರ ನಡುವೆ ಎಲ್ಲೆಲ್ಲೋ. ನೆಂಟರು ಬರೋ ಪಡಸಾಲೆಯನ್ನ ಗುಡಿಸಿ ಸಾರಿಸಿ, ಸಾಮಾನೆಲ್ಲ ಅಟ್ಟಕ್ಕೆ ಸೇರಿಸಿದ ಹಾಗೆ. ಅಟ್ಟಕ್ಕೆ ಹೋಗಬಾರದು ಅಂತಿಲ್ಲ. ಹೋದ್ರೆ ಅದು ಅಟ್ಟ ಅಂತ ಗೊತ್ತಾಗುತ್ತೆ.

ಸಮವಾಗಿ ಹಂಚೋದು ಅವರಿಗೆ ತಿಳಿದಿರಲಿಲ್ವಾ ಅಂತ ನಾನೂ ಅಂದ್ಕೊಂಡಿದ್ದೆ. ಚೆನ್ನಾಗಿ ತಿಳಿದಿತ್ತು. ಚೀನಾದ ರಾಜಕುಮಾರ ಝು ಝೈಯು 1584ರಲ್ಲೇ ಅದರ ಲೆಕ್ಕ ಮಾಡಿದ್ದ. ಜರ್ಮನಿಯಲ್ಲಿ ನೈಡ್‌ಹಾರ್ಟ್ ಎಂಬವನು 1706ರಲ್ಲಿ ಅದರ ಪರವಾಗಿ ಪುಸ್ತಕ ಬರೆದ. ಯೇನಾ ಊರಿನ ಆರ್ಗನ್‌ನಲ್ಲಿ ಒಂದು ಪಂದ್ಯವೂ ನಡೆಯಿತು. ನೈಡ್‌ಹಾರ್ಟ್ ಅಳತೆಯ ತಂತಿ ಇಟ್ಕೊಂಡು ಒಂದು ಸಾಲು ಕೊಳವೆ ಶ್ರುತಿ ಮಾಡಿದ. ಯೋಹಾನ್ ನಿಕೊಲಾಸ್ ಬಾಖ್, ಅಂದ್ರೆ ನಮ್ಮ ಬಾಖ್‌ನ ದಾಯಾದಿ, ಬರೀ ಕಿವಿಯಿಂದ ಇನ್ನೊಂದು ಸಾಲು ಶ್ರುತಿ ಮಾಡಿದ. ಕೇಳಿದವರು ಒಪ್ಪಿದ್ದು ಕಿವಿಯದ್ದನ್ನೇ.

ನನಗೆ ತುಂಬಾ ಇಷ್ಟವಾದ ವಿಷಯ ಇದು: ಅದೇ ನೈಡ್‌ಹಾರ್ಟ್ 1724ರಲ್ಲಿ ನಾಲ್ಕು ಬಗೆಯ ಶ್ರುತಿ ಪ್ರಕಟಿಸಿದ. ಹಳ್ಳಿಗೆ ಒಂದು, ಸಣ್ಣ ಪಟ್ಟಣಕ್ಕೆ ಒಂದು, ದೊಡ್ಡ ಊರಿಗೆ ಒಂದು, ಅರಮನೆಗೆ ಒಂದು. ಅರಮನೆಗೆ ಮಾತ್ರ ಸಮ ಹಂಚಿಕೆ. ಮಾರ್ಕೆಟಿಂಗ್ ಕ್ಲಾಸಲ್ಲಿ ಗ್ರಾಹಕರನ್ನ ವಿಂಗಡಿಸೋದು ಅಂತ ಹೇಳಿಕೊಡ್ತಿದ್ರಲ್ಲ, ಅದೇ. ಹಳ್ಳಿಯ ಚರ್ಚಿನಲ್ಲಿ ಸರಳ ಸ್ಕೇಲುಗಳೇ ಸಾಕು, ಅವು ಸಿಹಿಯಾಗಿರಲಿ. ಅರಮನೆಯಲ್ಲಿ ಯಾವ ಸ್ಕೇಲ್ ಕೇಳ್ತಾರೋ ಗೊತ್ತಿಲ್ಲ. ಶ್ರುತಿ ಅನ್ನೋದು ಆಗ ಒಂದೇ ಸರಿ ಉತ್ತರ ಇರೋ ಲೆಕ್ಕ ಆಗಿರಲಿಲ್ಲ. ಯಾರಿಗೆ, ಎಲ್ಲಿ, ಏನು ನುಡಿಸೋಕೆ ಅಂತ ಕೇಳಿ ಮಾಡುವ ಕೆಲಸ ಆಗಿತ್ತು.

ಬಾಗಿಲು ತೆರೆದ ಮೇಲೆ ಒಳಗೆ ಹೋಗೋರು ಬಂದೇ ಬರ್ತಾರೆ. ಫಿಶರ್ ಎಂಬಾತ 1702ರಲ್ಲಿ 'ಅರಿಯಾಡ್ನೆ ಮ್ಯೂಸಿಕಾ' ಪ್ರಕಟಿಸಿದ. ಇಪ್ಪತ್ತು ಬೇರೆ ಬೇರೆ ಸ್ಕೇಲುಗಳಲ್ಲಿ ಇಪ್ಪತ್ತು ಪ್ರೆಲ್ಯೂಡ್ ಮತ್ತು ಫ್ಯೂಗ್. ಹ್ಯಾಂಬರ್ಗಿನ ಮಾಥೆಸನ್ 1719ರಲ್ಲಿ ಆರ್ಗನ್ ವಾದಕರ ಪರೀಕ್ಷೆಗೆ 24 ಸ್ಕೇಲುಗಳಲ್ಲೂ ಎರಡೆರಡರಂತೆ 48 ಪಾಠ ಬರೆದ. ಬಾಖ್ ಆಕಾಶದಿಂದ ಉದುರಿ ಬಂದವನಲ್ಲ. ಎಲ್ಲರೂ ಹೊರಟಿದ್ದ ದಾರಿಯಲ್ಲಿ ಕೊನೇ ಮನೆವರೆಗೂ ಹೋದವನು.

1722, ಕ್ಯೋಥನ್

ಕ್ಯೋಥನ್ ಎಂಬ ಸಣ್ಣ ಸಂಸ್ಥಾನದಲ್ಲಿ ಬಾಖ್ ಆಗ ಸಂಗೀತದ ಮುಖ್ಯಸ್ಥ. ಪುಸ್ತಕದ ಮೊದಲ ಪುಟದಲ್ಲಿ ಇದು ಯಾರಿಗೆ ಅಂತ ಅವನೇ ಹೇಳ್ತಾನೆ: ಕಲಿಯೋ ಆಸೆ ಇರುವ ಎಳೆಯರಿಗೆ, ಮತ್ತು ಆಗಲೇ ಪಳಗಿದವರ ಖುಷಿಗೆ. ಹಿರಿಮಗ ವಿಲ್‌ಹೆಲ್ಮ್ ಫ್ರೀಡಮಾನ್‌ಗಾಗಿ 1720ರಲ್ಲಿ ಶುರು ಮಾಡಿದ್ದ ಪಾಠದ ಪುಸ್ತಕದಲ್ಲಿ ಇದರ ಹನ್ನೊಂದು ಪ್ರೆಲ್ಯೂಡುಗಳ ಮೊದಲ ರೂಪ ಇದೆ. ಅಂದ್ರೆ ಮನೆಪಾಠದಿಂದ ಹುಟ್ಟಿದ ಪುಸ್ತಕ. ಸಿ ಮೇಜರಿನಿಂದ ಹಿಡಿದು ಬಿ ಮೈನರ್ ವರೆಗೆ 24 ಸ್ಕೇಲ್. ಪ್ರತಿಯೊಂದಕ್ಕೂ ಒಂದು ಪ್ರೆಲ್ಯೂಡ್, ಒಂದು ಫ್ಯೂಗ್.

ಎಂಟನೇ ಜೋಡಿಯನ್ನ ನೋಡಿ. ಪ್ರೆಲ್ಯೂಡ್ ಬರೆದಿರೋದು ಇ ಫ್ಲ್ಯಾಟ್ ಮೈನರ್‌ನಲ್ಲಿ, ಆರು ಫ್ಲ್ಯಾಟ್. ಫ್ಯೂಗ್ ಬರೆದಿರೋದು ಡಿ ಶಾರ್ಪ್ ಮೈನರ್‌ನಲ್ಲಿ, ಆರು ಶಾರ್ಪ್. ಕೀಬೋರ್ಡಿನ ಮೇಲೆ ಎರಡೂ ಒಂದೇ ಕಪ್ಪು ಕೀಲಿ! ನೂರು ವರ್ಷದ ಹಿಂದೆ ಜಿ ಶಾರ್ಪನ್ನ ಎ ಫ್ಲ್ಯಾಟ್ ಅಂದ್ರೆ ತೋಳ ಊಳಿಡ್ತಿತ್ತು. ಇಲ್ಲಿ ಬಾಖ್ ಒಂದೇ ಕೀಲಿಗೆ ಎರಡು ಹೆಸರಿಟ್ಟು ಅಕ್ಕಪಕ್ಕ ಕೂರಿಸಿದ್ದಾನೆ. ಶ್ರುತಿ ಬದಲಾಗಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಆದ್ರೆ ಅದು ಯಾವ ಶ್ರುತಿ? ಬಾಖ್ ಎಲ್ಲೂ ಅಂಕಿ ಬರೆದಿಟ್ಟಿಲ್ಲ. ಸುಳಿವುಗಳು ಇವೆ. 1754ರಲ್ಲಿ ಅಚ್ಚಾದ ಶ್ರದ್ಧಾಂಜಲಿ ಲೇಖನ, ಅವನು ಹಾರ್ಪ್ಸಿಕಾರ್ಡ್ ಶ್ರುತಿ ಮಾಡಿದ್ರೆ ಎಲ್ಲ ಸ್ಕೇಲುಗಳೂ ಹಿತವಾಗಿ ಕೇಳಿಸ್ತಿದ್ವು ಅನ್ನುತ್ತೆ. ಜೀವನಚರಿತ್ರೆ ಬರೆದ ಫೋರ್ಕೆಲ್, 1802ರಲ್ಲಿ, ಅವನಿಗೆ ಶ್ರುತಿ ಮಾಡೋಕೆ ಕಾಲು ಗಂಟೆ ಸಾಕಿತ್ತು ಅಂತಾನೆ. ಶಿಷ್ಯ ಕಿರ್ನ್‌ಬರ್ಗರ್‌ಗೆ ಎಲ್ಲ ಮೇಜರ್ ಗಾಂಧಾರಗಳನ್ನೂ ಸ್ವಲ್ಪ ಏರಿಸಿ ಇಡು ಅಂತ ಹೇಳಿದ್ದನಂತೆ. ಎಲ್ಲವನ್ನೂ ಏರಿಸು ಅನ್ನೋದಕ್ಕೂ ಎಲ್ಲವನ್ನೂ ಒಂದೇ ಅಳತೆ ಏರಿಸು ಅನ್ನೋದಕ್ಕೂ ತುಂಬಾ ವ್ಯತ್ಯಾಸ ಇದೆ.

1979ರಲ್ಲಿ ಜಾನ್ ಬಾರ್ನ್ಸ್ ಒಂದು ಜಾಣ ಕೆಲಸ ಮಾಡಿದರು. ಪ್ರೆಲ್ಯೂಡುಗಳಲ್ಲಿ ಯಾವ ಗಾಂಧಾರವನ್ನ ಬಾಖ್ ಹೊತ್ತು ಹೊತ್ತು ನಿಲ್ಲಿಸ್ತಾನೆ, ಯಾವುದನ್ನ ಥಟ್ಟನೆ ದಾಟಿಸ್ತಾನೆ ಅಂತ ಲೆಕ್ಕ ಹಾಕಿದರು. ಸಿಕ್ಕ ಚಿತ್ರ ವೆರ್ಕ್‌ಮೈಸ್ಟರ್ ಶ್ರುತಿಗೆ ಹತ್ತಿರದ್ದು. ನೀವೇ ಕೇಳಿ ನೋಡಿ: ಮೊದಲನೇ ಪ್ರೆಲ್ಯೂಡ್, ಸಿ ಮೇಜರ್, ಒಂದೊಂದು ಸ್ವರಗುಚ್ಛವನ್ನೂ ಬಿಡಿಸಿ ಸಾವಕಾಶವಾಗಿ ತೂಗುತ್ತೆ. ಮೂರನೇದು, ಸಿ ಶಾರ್ಪ್ ಮೇಜರ್, ಎರಡೇ ಎಳೆಗಳಲ್ಲಿ ಓಡುತ್ತೆ. ಬಿಸಿ ಹಂಚಿನ ಮೇಲೆ ಕಾಲಿಟ್ಟ ಹಾಗೆ ಎಲ್ಲೂ ನಿಲ್ಲಲ್ಲ.

2005ರಲ್ಲಿ ಬ್ರಾಡ್ಲಿ ಲೇಮನ್ ಎಂಬ ಹಾರ್ಪ್ಸಿಕಾರ್ಡ್ ವಾದಕರು ಇನ್ನೂ ಮುಂದೆ ಹೋದರು. ಬಾಖ್ ಮುಖಪುಟದ ಮೇಲ್ಗಡೆ ಸುರುಳಿ ಸುರುಳಿ ಅಲಂಕಾರ ಬರೆದಿದ್ದಾನೆ. ಆ ಸುರುಳಿಗಳೇ ಶ್ರುತಿಯ ಸೂತ್ರ ಅಂತ ವಾದಿಸಿದರು. ಚೆಂದದ ವಾದ. ಹಲವು ವಿದ್ವಾಂಸರು ಒಪ್ಪಿಲ್ಲ.

ನಾನು ಇಲ್ಲಿ ಮತ್ತೆ ಹಳೇ ತಪ್ಪು ಮಾಡಬಾರದು, ಅಲ್ವಾ? ಹಾಗಾಗಿ ಎದುರು ವಾದವನ್ನೂ ಹೇಳ್ತೀನಿ. ಅದೇ ಡಿ ಶಾರ್ಪ್ ಮೈನರ್ ಫ್ಯೂಗ್ ಮೊದಲು ಡಿ ಮೈನರಿನಲ್ಲಿ ಇತ್ತು, ಆಮೇಲೆ ಒಂದು ಮನೆ ಏರಿಸಿದ್ದಾನೆ ಅಂತ ಅನೇಕ ವಿದ್ವಾಂಸರ ಅಭಿಪ್ರಾಯ. ಹಾಗಿದ್ರೆ ಪ್ರತಿ ಕೃತಿಯೂ ಅದರ ಸ್ಕೇಲಿನ ಬಣ್ಣದಿಂದಲೇ ಹುಟ್ಟಿದೆ ಅಂತ ಕಣ್ಣುಮುಚ್ಚಿ ಹೇಳೋಕಾಗಲ್ಲ. ಶ್ರುತಿ ಸಂಗೀತವನ್ನ ಬರೆಯಲ್ಲ. ಆದ್ರೆ ಎಲ್ಲಿಗೆ ಹೋಗಬಹುದು, ಹೋದ್ರೆ ಹೇಗನ್ನಿಸುತ್ತೆ ಅನ್ನೋದನ್ನ ಅದು ತೀರ್ಮಾನಿಸುತ್ತೆ.

ನಮಗೇನು?

ಈಗ ನಮ್ಮ ಫೋನಿನ ಪಿಯಾನೊ ಆ್ಯಪ್, ಗೆಳೆಯನ ಕೀಬೋರ್ಡ್, ಸಿನಿಮಾ ಹಾಡು, ಎಲ್ಲ ಸಮ ಹಂಚಿಕೆ. ಪ್ರತಿ ಪಂಚಮ 2 ಸೆಂಟ್ ಕಡಿಮೆ, ಪ್ರತಿ ಗಾಂಧಾರ ಸುಮಾರು 14 ಸೆಂಟ್ ಹೆಚ್ಚು. ಎಲ್ಲರಿಗೂ ಒಂದೇ ಕಡಿತ, ಯಾರಿಗೂ ರಿಯಾಯಿತಿ ಇಲ್ಲ. ಲಾಭ ದೊಡ್ಡದು: ಗಾಯಕಿಗೆ ಶ್ರುತಿ ಎತ್ತರ ಆಯ್ತಾ, ಟ್ರಾನ್ಸ್‌ಪೋಸ್ ಬಟನ್ ಒತ್ತಿ. ನಮ್ಮ ಯಕ್ಷಗಾನದಲ್ಲಿ ಕಪ್ಪು ಎರಡಾದರೂ ಬಿಳಿ ಮೂರಾದರೂ ಹಾರ್ಮೋನಿಯಂ ಜೊತೆಗೂಡುತ್ತೆ. ಅದೇ ಹಾರ್ಮೋನಿಯಂಗೆ ಆಕಾಶವಾಣಿ 1940ರಲ್ಲಿ ನಿರ್ಬಂಧ ಹಾಕಿತ್ತು, ಭಾಗಶಃ ಸಡಿಲಿಸಿದ್ದು 1971ರಲ್ಲಿ. ಗಮಕ ಎಳೆಯೋಕಾಗಲ್ಲ ಅನ್ನೋದರ ಜೊತೆಗೆ, ಅದರ ಸ್ವರಸ್ಥಾನಗಳು ನಮ್ಮವಲ್ಲ ಅನ್ನೋದೂ ಆಗಿನ ಆಕ್ಷೇಪ. ಆ ಜಗಳದ ಒಂದು ಎಳೆ ಹೋಗಿ ಸೇರೋದು ಈ 14 ಸೆಂಟಿಗೆ.

ಸಮ ಅಂದ ಕೂಡಲೇ ನ್ಯಾಯ ಅಂತ ನಮಗೆ ಅನ್ನಿಸುತ್ತೆ. ನನಗೂ ಹಾಗೇ ಅನ್ನಿಸಿತ್ತು. ಅದಕ್ಕೇ ಬಾಖ್‌ನಂಥ ದೊಡ್ಡವನು ಸಮಾನತೆಯನ್ನೇ ಸಾಬೀತು ಮಾಡಿರಬೇಕು ಅಂತ ಯೋಚನೆ ಮಾಡದೆ ಹೇಳಿಬಿಟ್ಟೆ. ಅವನ ಪುಸ್ತಕ ಹೇಳ್ತಿರೋದು ಬೇರೆ ಥರ ಇದೆ: 24 ಮನೆಗಳಿಗೂ ಹೋಗಬಹುದು, ಎಲ್ಲವೂ ವಾಸಯೋಗ್ಯ, ಆದ್ರೆ ಯಾವೆರಡೂ ಒಂದೇ ಥರ ಇರಬೇಕಾಗಿಲ್ಲ.

ಒಂದು ಸಣ್ಣ ಹೋಮ್‌ವರ್ಕ್. ನಿಮ್ಮ ಹತ್ತಿರ ಡಿಜಿಟಲ್ ಪಿಯಾನೊ ಇದ್ರೆ ಸೆಟ್ಟಿಂಗ್ಸ್‌ನಲ್ಲಿ ಟೆಂಪರಮೆಂಟ್ ಅನ್ನೋ ಆಯ್ಕೆ ಹುಡುಕಿ. ಹಲವು ಮಾಡೆಲ್‌ಗಳಲ್ಲಿ ಇರುತ್ತೆ. ವೆರ್ಕ್‌ಮೈಸ್ಟರ್ ಇಟ್ಟು ಸಿ ಮೇಜರ್ ಒತ್ತಿ ಹಿಡೀರಿ. ಆಮೇಲೆ ಸಿ ಶಾರ್ಪ್ ಮೇಜರ್. ಮತ್ತೆ ಈಕ್ವಲ್‌ಗೆ ಬಂದು ಅದನ್ನೇ ಮಾಡಿ. ಹೆಡ್‌ಫೋನ್ ಹಾಕ್ಕೊಂಡು, ನಿಧಾನವಾಗಿ.

ನಾನು ಮಾಡಿದೆ. ಮೊದಲ ಸಲ ವ್ಯತ್ಯಾಸ ಗೊತ್ತಾಗಲಿಲ್ಲ. ನಾಲ್ಕನೇ ಸಲಕ್ಕೆ ಗೊತ್ತಾಯ್ತು. ಆಮೇಲೆ ಆ ಹಿರಿಯರಿಗೆ ವಾಯ್ಸ್ ನೋಟ್ ಕಳಿಸಿ, ಸಾರ್, ನಾನು ಹೇಳಿದ್ದು ತಪ್ಪು, ಈಗ ಕಿವಿಗೇ ಕೇಳಿಸ್ತು ಅಂದೆ. ಅವರ ಉತ್ತರ: "ಕಿವಿಗೆ ಕೇಳಿಸಿದ ಮೇಲೆ ಸರಿ. ಎಲ್ಲರಿಗೂ ಹೇಳು."

ಹೇಳಿದ್ದೀನಿ. ಮುಂದಿನ ವಾರ ಸಿಗೋಣ.